ಕ್ಯಾಲಿಫೋರ್ನಿಯಾದ ಕತ್ತಲು, ಆಸ್ಪತ್ರೆಗಳ ಕರೆಂಟು

ಬೇಸಿಗೆಯಲ್ಲಿ ಊರಿನ ಟಿಸಿ ಸುಡುವುದು ಯಾವಾಗ? ಎಲ್ಲರ ಮೋಟಾರೂ ಒಟ್ಟಿಗೆ ತಿರುಗಿದಾಗ. ದಿನಕ್ಕೆ ಎಷ್ಟು ಯೂನಿಟ್ ಬಳಸಿದೆವು ಎನ್ನುವುದಕ್ಕಿಂತ, ಒಂದೇ ಹೊತ್ತಿಗೆ ಎಷ್ಟು ಎಳೆದೆವು ಎನ್ನುವುದು ಅಲ್ಲಿ ಮುಖ್ಯ. ಇದನ್ನೇ ಪೀಕ್ ಲೋಡ್ ಅನ್ನುತ್ತಾರೆ. ಈ ಪೀಕ್ ಇಳಿಸಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಖಜಾನೆಯ ಹಣ ಸುರಿದ ಕಾಲದ ಬಗ್ಗೆ ನಾವು ಈ ಸಲ ಬರೆಯುತ್ತಿದ್ದೇವೆ.

1996ರಲ್ಲಿ ಅಲ್ಲಿ ಕರೆಂಟನ್ನು ಮಾರುಕಟ್ಟೆಗೆ ಬಿಡುವ ಕಾನೂನು ಬಂತು. 2000ದ ಬೇಸಿಗೆಯಲ್ಲಿ ಸಗಟು ದರ ಆಕಾಶಕ್ಕೇರಿತು. ಸ್ಯಾನ್ ಡಿಯೇಗೋ ಊರಿನಲ್ಲಿ ಮನೆ ಬಿಲ್ಲು ದುಪ್ಪಟ್ಟಾಯಿತು. 2001ರ ಜನವರಿ 17 ಮತ್ತು 18ರಂದು ರಾಜ್ಯದ ಉತ್ತರ ಭಾಗದಲ್ಲಿ ಸರದಿಯ ಮೇಲೆ ಕರೆಂಟ್ ತೆಗೆದರು. ನಮ್ಮ ಭಾಷೆಯಲ್ಲಿ ಲೋಡ್ ಶೆಡ್ಡಿಂಗ್. ಎನ್ರಾನ್‌ನಂಥ ಕಂಪನಿಗಳು ಬೇಕೆಂದೇ ಮಾರುಕಟ್ಟೆಯಲ್ಲಿ ಆಟವಾಡಿದ್ದವು ಎಂಬುದು ಜನರಿಗೆ ತಿಳಿದದ್ದು ಆಮೇಲೆ.

ದೊಡ್ಡ ಆಸ್ಪತ್ರೆಗಳ ಕರೆಂಟ್ ತೆಗೆಯಬಾರದೆಂಬ ನಿಯಮವಿತ್ತು. ಆದರೆ ಗೆರೆ ಎಳೆದದ್ದು ನೂರು ಹಾಸಿಗೆಗೆ. ಸಣ್ಣ ಆಸ್ಪತ್ರೆಗಳು ಪಟ್ಟಿಯ ಹೊರಗಿದ್ದವು. ಸಣ್ಣ ಊರಿನ ಆಸ್ಪತ್ರೆ ಎಂದರೆ ಹೆಚ್ಚಾಗಿ ಇಂಥದ್ದೇ ಅಲ್ಲವೇ? 2001ರಲ್ಲಿ ಆ ಮಿತಿಯನ್ನು ಸಡಿಲಿಸಿದರು.

ಕರೆಂಟ್ ತೆಗೆಯದಿದ್ದರೆ ಸಾಲದು, ಆಸ್ಪತ್ರೆ ಎಳೆಯುವ ಕರೆಂಟೂ ಕಮ್ಮಿಯಾಗಬೇಕಿತ್ತು. ಇದು ಹೇಳಿದಷ್ಟು ಸುಲಭವಲ್ಲ. ಆಪರೇಷನ್ ಥಿಯೇಟರಿನ ಗಾಳಿಯನ್ನು ಗಂಟೆಗೆ 15ರಿಂದ 20 ಬಾರಿ ಬದಲಿಸುತ್ತಿರಬೇಕು. ಅದನ್ನು ನಿಲ್ಲಿಸಿದರೆ ಸೋಂಕು. ಮಧ್ಯಾಹ್ನ ಎರಡರಿಂದ ಆರರವರೆಗೆ ಊರೆಲ್ಲ ಎಸಿ ಹಾಕಿಕೊಂಡ ಹೊತ್ತಿಗೇ ಆಸ್ಪತ್ರೆಯ ಎಸಿಗೂ ಕೆಲಸ ಹೆಚ್ಚು. ಹಾಗಾಗಿ ರೋಗಿಯನ್ನು ಮುಟ್ಟದ ಕಡೆ ಕೈ ಹಾಕಬೇಕು. ಹಳೇ ಟ್ಯೂಬ್‌ಲೈಟ್ ಬದಲಿಸುವುದು, ಫ್ಯಾನು ಪಂಪುಗಳ ವೇಗವನ್ನು ಬೇಕಾದಷ್ಟಕ್ಕೇ ಇಳಿಸುವುದು, ಬಟ್ಟೆ ಒಗೆಯುವ ಕೆಲಸವನ್ನು ರಾತ್ರಿಗೆ ತಳ್ಳುವುದು. ಇನ್ನೊಂದು ಜಾಣ ದಾರಿಯೂ ಇದೆ: ರಾತ್ರಿ ಅಗ್ಗದ ಕರೆಂಟಿನಲ್ಲಿ ದೊಡ್ಡ ತೊಟ್ಟಿಗಳಲ್ಲಿ ಐಸ್ ಮಾಡಿಟ್ಟು, ಮಧ್ಯಾಹ್ನ ಅದರಿಂದಲೇ ಕಟ್ಟಡ ತಂಪು ಮಾಡುವುದು. ಡೀಸೆಲ್ ಜನರೇಟರ್ ಇತ್ತಲ್ಲ ಎನ್ನಬಹುದು. ಹೊಗೆಯ ಕಾರಣಕ್ಕೆ ಅದನ್ನು ಓಡಿಸುವ ಗಂಟೆಗಳಿಗೂ ಅಲ್ಲಿ ಮಿತಿಯಿದೆ.

ಇವಕ್ಕೆಲ್ಲ ಮೊದಲು ದುಡ್ಡು ಹಾಕಬೇಕು, ಉಳಿತಾಯ ಬರುವುದು ನಿಧಾನ. ಹೊಸ ಚಿಲ್ಲರ್ ತರುವುದೋ ಹೊಸ ಸ್ಕ್ಯಾನಿಂಗ್ ಯಂತ್ರ ತರುವುದೋ ಎಂದರೆ ಯಾವ ಆಸ್ಪತ್ರೆಯಾದರೂ ಸ್ಕ್ಯಾನಿಂಗ್ ಯಂತ್ರವನ್ನೇ ಆರಿಸುತ್ತದೆ. ಸರ್ಕಾರದ ಹಣ ಬೇಕಾಗುವುದು ಇಲ್ಲೇ. 2000ದ ಸೆಪ್ಟೆಂಬರಿನ ಕಾನೂನು ಪೀಕ್ ಇಳಿಸಲು ಇಂಧನ ಆಯೋಗಕ್ಕೆ 5 ಕೋಟಿ ಡಾಲರ್ ಕೊಟ್ಟಿತು. ಮರುವರ್ಷದ ಎರಡು ಕಾನೂನುಗಳು 80 ಕೋಟಿ ಡಾಲರಿಗೂ ಹೆಚ್ಚು ಸೇರಿಸಿದವು. ಅದರಲ್ಲಿ 3.5 ಕೋಟಿ, 200 ಕಿಲೋವ್ಯಾಟ್ ದಾಟಿದ ಗ್ರಾಹಕರ ಮೀಟರ್ ಬದಲಿಸಲು. ಯಾವ ಹೊತ್ತಿಗೆ ಎಷ್ಟು ಎಳೆದಿರಿ ಎಂದು ತೋರಿಸುವ ಮೀಟರು. ದೊಡ್ಡ ಆಸ್ಪತ್ರೆಗಳೂ ಬಹುಪಾಲು ಈ ಅಳತೆಯವೇ. ನಮಗೆ ಕೇಳಿದರೆ ಇಡೀ ಖರ್ಚಿನಲ್ಲಿ ಇದೇ ಒಳ್ಳೆಯದು. ತನ್ನ ಪೀಕ್ ಯಾವಾಗ ಎಂದೇ ತಿಳಿಯದವನು ಇಳಿಸುವುದಾದರೂ ಹೇಗೆ?

ನಮ್ಮ ಕಡೆ ಪೀಕ್ ಇಳಿಸಿದ್ದು ಬೇರೆ ರೀತಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ರಾತ್ರಿ ಕೊಟ್ಟರು, ರೈತ ಟಾರ್ಚ್ ಹಿಡಿದು ಗದ್ದೆಗೆ ಹೋದ. ನಿದ್ದೆಗೆಟ್ಟಿದ್ದಕ್ಕೆ ಅವನಿಗೆ ಯಾರೂ ಅನುದಾನ ಕೊಡಲಿಲ್ಲ.

ಅಲ್ಲಿ ಮನೆಯವರಿಗೂ ಒಂದು ಆಸೆ ತೋರಿಸಿದ್ದರು: ಹಿಂದಿನ ವರ್ಷಕ್ಕಿಂತ ಶೇ 20ರಷ್ಟು ಕಮ್ಮಿ ಬಳಸಿದರೆ ಬಿಲ್ಲಿನಲ್ಲಿ ಶೇ 20 ವಾಪಸ್. ಎಲ್ಲ ಸೇರಿ 2001ರ ಜೂನ್‌ನಲ್ಲಿ ಪೀಕ್, ಹಿಂದಿನ ಜೂನ್‌ಗಿಂತ ಸುಮಾರು ಶೇ 14 ಇಳಿಯಿತು. ಮೇ 8ರ ನಂತರ ಆ ಬೇಸಿಗೆಯಲ್ಲಿ ಸರದಿ ಕಡಿತ ಆಗಲೇ ಇಲ್ಲ. ಆದರೆ ಇದರಲ್ಲಿ ಆಸ್ಪತ್ರೆಯ ಪಾಲೆಷ್ಟು, ಮನೆಯವರ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ದರವೂ ಏರಿತ್ತು, ಹೆದರಿಕೆಯೂ ಇತ್ತು.

ಮತ್ತೆ ಸರದಿ ಕಡಿತ ಬಂದದ್ದು 2020ರ ಆಗಸ್ಟ್ 14 ಮತ್ತು 15ರಂದು. ಅಷ್ಟರಲ್ಲಿ ಊರೆಲ್ಲ ಸೋಲಾರ್ ಬಂದು, ಕರೆಂಟ್ ಸಾಲದ ಹೊತ್ತು ಮಧ್ಯಾಹ್ನದಿಂದ ಸಂಜೆಗೆ ಸರಿದಿತ್ತು. ಆಸ್ಪತ್ರೆಗಳಲ್ಲಿ ಆಗ ಕೋವಿಡ್ ರೋಗಿಗಳಿದ್ದರು.