ಹೃದಯದೊಳಗಿನ ಸ್ನಾಯುಗಳ ಅಳತೆ: ಕಲಬುರಗಿ ಪರಿಸರದ ಒಂದು ಚಾರಿತ್ರಿಕ ಅವಲೋಕನ

ಹೃದಯದ ಕೆಳಕೋಣೆಗಳ ಒಳಗೋಡೆಯಿಂದ ಮೇಲೆದ್ದು, ತಂತುರಜ್ಜುಗಳ ಮೂಲಕ ಕವಾಟದ ದಳಗಳನ್ನು ಹಿಡಿದಿಡುವ ಸ್ನಾಯುಗಳಿಗೆ ಪ್ಯಾಪಿಲರಿ ಸ್ನಾಯುಗಳೆಂದು ಹೆಸರು. ಎಡಗೋಣೆಯಲ್ಲಿ ಎರಡು, ಬಲಗೋಣೆಯಲ್ಲಿ ಮೂರು ಎಂಬುದು ಪಠ್ಯಗ್ರಂಥಗಳ ಸಾಮಾನ್ಯ ಲೆಕ್ಕ. ಹೃದಯವು ಸಂಕುಚಿಸಿದಾಗ ದಳಗಳು ಹಿಂದಕ್ಕೆ ಮಗುಚದಂತೆ ತಡೆಯುವುದು ಇವುಗಳ ಕಾರ್ಯ. ಇವುಗಳ ಅಳತೆ ಯಾರ ಹೃದಯದಿಂದ ಬಂದುದು ಎಂಬ ಪ್ರಶ್ನೆಯು ವೈದ್ಯಶಾಸ್ತ್ರದ್ದಷ್ಟೇ ಅಲ್ಲ, ಚರಿತ್ರೆಯದೂ ಆಗಿದೆ.

ಕಲಬುರಗಿಯು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ ಆಧುನಿಕ ವೈದ್ಯಶಿಕ್ಷಣದ ಕೇಂದ್ರ ಹೈದರಾಬಾದ್ ಆಗಿತ್ತು. ಅಲ್ಲಿ 1846ರಲ್ಲಿ ವೈದ್ಯಶಾಲೆ ಆರಂಭವಾಯಿತು. 1888 ಮತ್ತು 1889ರ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ಮುಖ್ಯವಾಗಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಕ್ಲೋರೋಫಾರ್ಮಿನಿಂದ ಮೊದಲು ನಿಲ್ಲುವುದು ಉಸಿರಾಟವೇ ಹೊರತು ಹೃದಯವಲ್ಲ ಎಂದು ಸಾರಿದವು. ಲಘು ಅಮಲಿನಲ್ಲಿಯೂ ಹೃದಯವೇ ಹಠಾತ್ತನೆ ವಿಫಲವಾಗಬಹುದೆಂಬುದು 1911ರಲ್ಲಿ ಗುಡ್‌ಮನ್ ಲೆವಿ ಅವರ ಪ್ರಯೋಗಗಳಿಂದ ತಿಳಿಯಿತು. ಒಂದು ಬಗೆಯ ಮಾದರಿಯಿಂದ ಪಡೆದ ನಿರ್ಣಯವನ್ನು ಎಲ್ಲ ಹೃದಯಗಳಿಗೂ ಅನ್ವಯಿಸುವುದರ ಅಪಾಯಕ್ಕೆ ಇದು ನಿದರ್ಶನವಾಗಿದೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ವಾರಸುದಾರರಿಲ್ಲದ ಶವಗಳನ್ನು ವೈದ್ಯಶಿಕ್ಷಣಕ್ಕೆ ಒದಗಿಸಲು 1957ರ ಅಂಗರಚನಾ ಅಧಿನಿಯಮವು ಅವಕಾಶ ಕಲ್ಪಿಸಿತು. 1958ರಲ್ಲಿ ಸ್ಥಾಪಿತವಾದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1963ರಲ್ಲಿ ನಗರದಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಇಂದು ಅದು ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜೆಂದು ಪ್ರಸಿದ್ಧವಾಗಿದೆ. ಮುಂದೆ ಇನ್ನೂ ಕೆಲವು ವೈದ್ಯಕೀಯ ಸಂಸ್ಥೆಗಳು ನಗರದಲ್ಲಿ ಆರಂಭವಾದವು. ಹೀಗೆ ಶವಚ್ಛೇದನದ ಮೇಜು ಈ ಭಾಗದ ಜನರ ಸಮೀಪಕ್ಕೆ ಬಂದಿತು.

ಅಳತೆಯ ವಿಧಾನ ಸರಳವಾಗಿ ತೋರಿದರೂ ಸೂಕ್ಷ್ಮವಾದುದು. ಫಾರ್ಮಲಿನ್‌ನಲ್ಲಿ ಕಾಪಿಟ್ಟ ಹೃದಯವನ್ನು ಕೊಯ್ದು ತೆರೆದು, ಸ್ನಾಯುವಿನ ಬುಡದಿಂದ ತುದಿಯವರೆಗಿನ ಉದ್ದ, ಅಗಲ ಹಾಗೂ ದಪ್ಪಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಲಾಗುತ್ತದೆ. ತುದಿಯ ಆಕಾರ, ಕವಲುಗಳ ಸಂಖ್ಯೆ, ಹೊರಡುವ ತಂತುಗಳ ಸಂಖ್ಯೆಗಳನ್ನೂ ದಾಖಲಿಸಲಾಗುತ್ತದೆ. ಫಾರ್ಮಲಿನ್ ಅಂಗಾಂಶವನ್ನು ಕುಗ್ಗಿಸುವುದರಿಂದ ಈ ಅಂಕಿಗಳು ಮಿಡಿಯುವ ಹೃದಯದ ಅಂಕಿಗಳಿಗೆ ಸಮವಲ್ಲ. ನೆರೆಯ ಮಹಾರಾಷ್ಟ್ರದ ಲೋಣಿಯಲ್ಲಿ 116 ಹೃದಯಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಎಡಗೋಣೆಯ ಸ್ನಾಯುಗಳು ಬಹುಪಾಲು ಜೋಡಿಯಾಗಿರದೆ ಗುಂಪುಗಳಾಗಿಯೇ ಇರುವುದನ್ನು ಗುರುತಿಸಿತು. ಗ್ರಂಥದ 'ಎರಡು' ಎಂಬ ಲೆಕ್ಕ ಎಷ್ಟು ಸಡಿಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ವೈವಿಧ್ಯದ ಅರಿವು ಶಸ್ತ್ರಚಿಕಿತ್ಸೆಗೆ ಅನಿವಾರ್ಯ. ಎಡಗೋಣೆಯ ಹಿಂಬದಿಯ ಸ್ನಾಯುವಿಗೆ ಸಾಮಾನ್ಯವಾಗಿ ಒಂದೇ ರಕ್ತನಾಳದ ಆಸರೆ ಇರುವುದರಿಂದ ಹೃದಯಾಘಾತದಲ್ಲಿ ಅದು ಹರಿಯುವ ಸಂಭವ ಹೆಚ್ಚು. ಸಂಧಿವಾತ ಜ್ವರದಿಂದ ತಂತುಗಳು ದಪ್ಪವಾಗಿ, ಕುಗ್ಗಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕವಾಟ ಬದಲಿಸುವಾಗಲೂ ಈ ಸ್ನಾಯುಗಳನ್ನು ಉಳಿಸಬೇಕೆಂದು ಲಿಲ್ಲೆಹೈ 1964ರಲ್ಲಿಯೇ ಪ್ರತಿಪಾದಿಸಿದ್ದರು.

ಇಲ್ಲಿ ಕಮಲಾಪುರದ ಪ್ರಸ್ತಾಪ ಉಚಿತವೆನಿಸುತ್ತದೆ. ಕೆಂಪುಬಾಳೆಗೆ ಹೆಸರಾದ, ಹುಮನಾಬಾದ್ ಮಾರ್ಗದಲ್ಲಿರುವ ಈ ಊರು ಮೊದಲು ಕಲಬುರಗಿ ತಾಲ್ಲೂಕಿಗೆ ಸೇರಿದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕಿನ ಕೇಂದ್ರವಾಯಿತು. ಆಡಳಿತದ ದಾಖಲೆಯಲ್ಲಿ ಹೀಗೆ ಊರಿಗೊಂದು ಸ್ಥಾನವುಂಟು. ಅಂಗರಚನೆಯ ಕೋಷ್ಟಕದಲ್ಲಿ ಇಲ್ಲ. ವಾರಸುದಾರರಿಲ್ಲದ ಶವದ ಊರು, ವೃತ್ತಿ, ಅನೇಕ ವೇಳೆ ವಯಸ್ಸು ಕೂಡ ಮಾದರಿಯೊಂದಿಗೆ ಉಳಿಯುವುದಿಲ್ಲ. ಅದು ನಗರದ ಹಮಾಲನ ಹೃದಯವೋ, ಕಮಲಾಪುರದ ಕೃಷಿಕಾರ್ಮಿಕಳ ಹೃದಯವೋ ಎಂದು ಹೇಳಲಾಗದಿರುವಾಗ, ಅಂತಹ ಅಂಕಿಗಳನ್ನು 'ಈ ಪ್ರದೇಶದ ಪ್ರಮಾಣ'ವೆಂದು ಕರೆಯುವುದು ಸಾಧುವಲ್ಲ.

ದೇಹದಾನವು ಈ ಕೊರತೆಯನ್ನು ಕೊಂಚ ಮಟ್ಟಿಗೆ ನೀಗಿಸಬಲ್ಲದು. ದಾನಿಯ ವಯಸ್ಸು, ಊರು, ಕಾಯಿಲೆಯ ವಿವರಗಳನ್ನು ಕುಟುಂಬದ ಒಪ್ಪಿಗೆಯೊಡನೆ, ಹೆಸರನ್ನು ಗೋಪ್ಯವಾಗಿರಿಸಿ ದಾಖಲಿಸಿದಲ್ಲಿ ಮಿಲಿಮೀಟರಿನ ಅಂಕಿಗೆ ಅರ್ಥ ಬರುತ್ತದೆ. ಬದುಕಿದ್ದಾಗ ಯಾವ ಕಡತದಲ್ಲಿಯೂ ಕಾಣಿಸಿಕೊಳ್ಳದವರು ಸತ್ತ ಬಳಿಕ ಶಾಸ್ತ್ರಕ್ಕೆ ಆಧಾರವಾದರೆಂಬ ಸಂಗತಿಯನ್ನು ಈ ಭಾಗದ ವೈದ್ಯಕೀಯ ಚರಿತ್ರೆಯು ಮರೆಯಲಾಗದು.