ಎಲ್ಲಿ ಕೂತಿದ್ದಿರಿ?

ಸಣ್ಣ ಊರಿನ ಹಳೆಯ ಹೋಟೆಲಿನ ಬಗ್ಗೆ ಹಿರಿಯರನ್ನು ಕೇಳಿ ನೋಡಿ. ದೋಸೆಯ ರುಚಿಯ ಜೊತೆಗೇ ಮಾಣಿಯ ನೆನಪೂ ಬರುತ್ತದೆ. ಇದ್ದಬದ್ದ ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದ, ಕೇಳುವ ಮೊದಲೇ ಸಾಂಬಾರು ತಂದು ಬಡಿಸುತ್ತಿದ್ದ ಎನ್ನುತ್ತಾರೆ. ಕುಂದಾಪುರದ ಕಡೆ ಮಾಣಿ ಎಂದರೆ ಹುಡುಗ. ಕಳೆದ ಶತಮಾನದಲ್ಲಿ ಕರಾವಳಿಯ ಹುಡುಗರು ಘಟ್ಟ ಹತ್ತಿ ಹೋಟೆಲ್ ಕೆಲಸಕ್ಕೆ ಸೇರಿದಾಗ ಆ ಮಾತೂ ಜೊತೆಗೆ ಬಂತು. ಬಡಿಸುವವನಿಗೆ ಅದೇ ಹೆಸರಾಯಿತು.

ಆದರೆ ಇವೆಲ್ಲ ಒಳಗೆ ಕೂತು ತಿಂದವರ ನೆನಪುಗಳು. ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿತ್ತು. ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಕಾಫಿ ಸಿಕ್ಕರೂ ಹೊರಗೆ ನಿಂತು, ಬೇರೆ ಲೋಟದಲ್ಲಿ ಕುಡಿದು, ತಾವೇ ತೊಳೆದಿಡಬೇಕಿತ್ತು. ಒಳಗೆ ನಗುತ್ತ ಬಡಿಸಿದ ಮಾಣಿಯೇ ಹೊರಗೆ ಬಂದು ಮೇಲಿನಿಂದ ಸುರಿಯುತ್ತಿದ್ದ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲುಗಳನ್ನು ಹೆಸರಿಸಿಯೇ ಈ ಭೇದವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಆಮೇಲೂ ಎರಡು ಲೋಟದ ಪದ್ಧತಿ ಹಲವು ಕಡೆ ಉಳಿಯಿತು.

ಮಾಣಿಗೂ ಅಲ್ಲಿ ಸ್ವಂತ ಮಾತಿರಲಿಲ್ಲ. ಶಾಲೆ ಬಿಟ್ಟು ಬಂದ ಎಷ್ಟೋ ಹುಡುಗರು ಹೋಟೆಲಿನಲ್ಲೇ ಉಂಡು, ಅಲ್ಲೇ ಮಲಗುತ್ತಿದ್ದರು. ಯಾರನ್ನು ಎಲ್ಲಿ ಕೂರಿಸಬೇಕೆಂಬುದು ಗಲ್ಲಾದಲ್ಲಿದ್ದ ಮಾಲೀಕರ ತೀರ್ಮಾನ.

ಹಾಗಾಗಿ ನನ್ನಂಥ ಸಂಶೋಧಕರು ಹಳಬರ ಬಳಿ "ಉಪಚಾರ ಹೇಗಿತ್ತು?" ಎಂದಷ್ಟೇ ಕೇಳಿದರೆ ಸಾಲದು. "ಎಲ್ಲಿ ಕೂತಿದ್ದಿರಿ?" ಎಂದು ಮೊದಲು ಕೇಳಬೇಕು.