1941ರ ಡಾನ್ಸ್ ಹಾಲ್

2004ರಲ್ಲಿ ನಾನು ಕೆಲಸಕ್ಕೆಂದು ಕಾರ್ಡಿಫ್‌ಗೆ ಬಂದಾಗ ಊರ ನಡುವಿನ ರಸ್ತೆಗಳು ಆಗಾಗ ಮುಚ್ಚಿರುತ್ತಿದ್ದವು. ಕೇಳಿದರೆ 'ಡಾಕ್ಟರ್ ಹೂ' ಶೂಟಿಂಗ್ ಅನ್ನುತ್ತಿದ್ದರು. ಯಾವುದೋ ಆಸ್ಪತ್ರೆಯ ಧಾರಾವಾಹಿ ಇರಬೇಕು ಅಂದುಕೊಂಡಿದ್ದೆ. ಮರುವರ್ಷ ಮಾರ್ಚ್ 26ರ ಶನಿವಾರ ಸಂಜೆ ಪಕ್ಕದ ಮನೆಯವರು ಕರೆದು ಟಿವಿ ಮುಂದೆ ಕೂರಿಸಿದ ಮೇಲೆ ತಿಳಿಯಿತು. ಇದು ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯೊಂದರಲ್ಲಿ ಕೂತು ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಓಡಾಡುವ ಒಬ್ಬನ ಕಥೆ. ಈ ದೇಶದ ಮಕ್ಕಳು 1963ರಿಂದ ಸೋಫಾದ ಹಿಂದೆ ಅಡಗಿ ಕೂತು ನೋಡಿಕೊಂಡು ಬಂದದ್ದು, ನಡುವೆ ನಿಂತುಹೋಗಿದ್ದು, ಈಗ ನಮ್ಮೂರಿನಲ್ಲೇ ಮತ್ತೆ ತಯಾರಾಗುತ್ತಿತ್ತು.

ಇದರ ಮೊದಲ ಕಂತು ಬಂದದ್ದು 1963ರ ನವೆಂಬರ್ 23ರಂದು, ಕೆನಡಿ ಹತ್ಯೆಯ ಮರುದಿನ. ಅದನ್ನು ನಿರ್ದೇಶಿಸಿದವರು ಲಖನೌನಲ್ಲಿ ಹುಟ್ಟಿದ ವಾರಿಸ್ ಹುಸೇನ್. ಲೇಖಕಿ ಅತಿಯಾ ಹುಸೇನ್ ಅವರ ಮಗ, ಬಿಬಿಸಿ ನಾಟಕ ವಿಭಾಗದ ಮೊದಲ ಭಾರತೀಯ ಮೂಲದ ನಿರ್ದೇಶಕ. ವಯಸ್ಸು ಆಗ 24. ಅವರು ಸಲಿಂಗಪ್ರೇಮಿ, ಬಹಳ ವರ್ಷಗಳ ನಂತರ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. 1963ರಲ್ಲಿ ಹೇಳುವ ಮಾತೇ ಇರಲಿಲ್ಲ. ಇಬ್ಬರು ಗಂಡಸರ ಸಂಬಂಧ ಆಗ ಬ್ರಿಟನ್ನಿನಲ್ಲಿ ಜೈಲಿಗೆ ಕಳಿಸುವ ಅಪರಾಧ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಸಡಿಲವಾದದ್ದು 1967ರಲ್ಲಿ. ಅದೂ 21 ದಾಟಿದವರಿಗೆ, ನಾಲ್ಕು ಗೋಡೆಗಳ ನಡುವೆ ಮಾತ್ರ. ಎಲ್ಲಿಯೂ ನೆಲೆಯಿಲ್ಲದೆ, ಹೆಸರು ಹೇಳದೆ ಅಲೆಯುವ ಒಬ್ಬನ ಕಥೆಗೆ ಮೊದಲ ರೂಪ ಕೊಟ್ಟವರು ಇಂಥವರು. ಈ ಸಂಗತಿ ನನಗೆ ಗೊತ್ತಾದದ್ದು ತೀರ ತಡವಾಗಿ. ಗೊತ್ತಾದ ಮೇಲೆ ಆ ಹಳೆಯ ಕಪ್ಪು-ಬಿಳುಪು ಕಂತನ್ನು ಬೇರೆಯೇ ಕಣ್ಣಿನಲ್ಲಿ ನೋಡಿದೆ.

ಕಾಲಯಾನದ ಕಥೆಯಲ್ಲಿ ಹೇಳುವವನಿಗೆ ಒಂದು ಅನುಕೂಲವಿದೆ. ಇಂದು ಹೇಳಲಾಗದ್ದನ್ನು ನಿನ್ನೆಗೋ ನಾಳೆಗೋ ಸಾಗಿಸಿಬಿಡಬಹುದು. ಅಮೆರಿಕದ 'ಕ್ವಾಂಟಮ್ ಲೀಪ್' 1992ರ ಜನವರಿಯಲ್ಲಿ ಮಾಡಿದ್ದು ಇದನ್ನೇ. ಕಥಾನಾಯಕ 1964ಕ್ಕೆ ಹೋಗಿ, ಸಲಿಂಗಿ ಎಂಬ ಗುಮಾನಿಗೆ ಗುರಿಯಾದ ನೌಕಾ ಕೆಡೆಟ್ ಒಬ್ಬನ ಮೈಯಲ್ಲಿ ಸೇರಿಕೊಳ್ಳುತ್ತಾನೆ. ಅಷ್ಟು ಹಿಂದಕ್ಕೆ ಸರಿಸಿ ಹೇಳಿದರೂ ಜಾಹೀರಾತುದಾರರು ಕೈಬಿಟ್ಟಾರೆಂಬ ಅಂಜಿಕೆ ಕಂತು ಪ್ರಸಾರವಾಗುವ ಮೊದಲೇ ಸುದ್ದಿಯಾಗಿತ್ತು.

ಬ್ರಿಟನ್ನಿನ ಕಥೆ ಇನ್ನೂ ವಿಚಿತ್ರ. 1988ರ ಅಕ್ಟೋಬರಿನಲ್ಲಿ 'ಡಾಕ್ಟರ್ ಹೂ' ತನ್ನದೇ ಹುಟ್ಟಿನ ಕಾಲವಾದ 1963ರ ನವೆಂಬರಿಗೆ ಮರಳಿ ಹೋಯಿತು. ಅಲ್ಲೊಂದು ಬಾಡಿಗೆ ಮನೆಯ ಕಿಟಕಿಯಲ್ಲಿ ಕರಿಯರಿಗೆ ಜಾಗವಿಲ್ಲ ಎಂಬ ಬೋರ್ಡು. ಡಾಕ್ಟರನ ಜೊತೆಗಾತಿ ಹುಡುಗಿ ಅದನ್ನು ದಿಟ್ಟಿಸಿ ನೋಡಿ ಹೊರಗೆ ನಡೆಯುತ್ತಾಳೆ. ಹಿಂದಿನ ಕಾಲದ ಅನ್ಯಾಯವನ್ನು ಹೀಗೆ ಒಂದೇ ಚಿತ್ರದಲ್ಲಿ ತೋರಿಸಬಲ್ಲ ಸರಣಿ ಅದು. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಥ್ಯಾಚರ್ ಸರ್ಕಾರದ 28ನೇ ಸೆಕ್ಷನ್ ಜಾರಿಗೆ ಬಂದಿತ್ತು. ನಗರಸಭೆಗಳಂಥ ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮವನ್ನು 'ಪ್ರಚಾರ' ಮಾಡಕೂಡದು ಎಂಬ ಕಾನೂನು. ಟಿವಿಗೆ ಅದು ನೇರವಾಗಿ ಅನ್ವಯಿಸುತ್ತಿರಲಿಲ್ಲ, ನಿಜ. ಆದರೂ ಮಕ್ಕಳು ನೋಡುವ ಕಾರ್ಯಕ್ರಮದಲ್ಲಿ ಅಂಥ ಪ್ರೀತಿಗೆ ಜಾಗ ಸಿಗುವ ಕಾಲ ಅದಾಗಿರಲಿಲ್ಲ. ಆ ಕಥೆಯಲ್ಲಿ ನಟಿಸಿದ್ದ ಡರ್ಸ್ಲಿ ಮೆಕ್ಲಿಂಡನ್ ಎಂಬ ತರುಣ 1995ರಲ್ಲಿ ಏಡ್ಸ್ ಸಂಬಂಧಿ ಕಾಯಿಲೆಯಿಂದ ತೀರಿಕೊಂಡರು.

28ನೇ ಸೆಕ್ಷನ್ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರದ್ದಾದದ್ದು 2003ರ ನವೆಂಬರಿನಲ್ಲಿ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಸ್ವಾನ್ಸಿಯವರಾದ ರಸೆಲ್ ಟಿ. ಡೇವಿಸ್, ಸ್ವತಃ ಸಲಿಂಗಿ, ಈ ಸರಣಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದರು. 2005ರ ಮೇ 21ರಂದು ಕ್ಯಾಪ್ಟನ್ ಜ್ಯಾಕ್ ಹಾರ್ಕ್‌ನೆಸ್ ಕಾಣಿಸಿಕೊಂಡ. 51ನೇ ಶತಮಾನದವನು, ಆ ಕಾಲದಲ್ಲಿ ಯಾರು ಯಾರನ್ನು ಪ್ರೀತಿಸಿದರೂ ಯಾರೂ ಹುಬ್ಬೇರಿಸುವುದಿಲ್ಲ. ಜೂನ್ 18ರಂದು, ಸಾಯಲು ಹೊರಡುವ ಮುನ್ನ, ಅವನು ರೋಸ್ ಎಂಬ ಹುಡುಗಿಗೂ ಡಾಕ್ಟರನಿಗೂ ಒಂದೇ ರೀತಿಯ ಮುತ್ತು ಕೊಟ್ಟ. ಶನಿವಾರ ಸಂಜೆ, ಮಕ್ಕಳೆಲ್ಲ ಎದುರಿಗೆ ಕೂತಿರುವಾಗ. ಆಕಾಶವೇನೂ ಕಳಚಿ ಬೀಳಲಿಲ್ಲ.

ನನ್ನನ್ನು ಈಗಲೂ ಕಾಡುವುದು ಆ ಮುತ್ತಲ್ಲ. ಸ್ಟೀವನ್ ಮಾಫಟ್ ಬರೆದ, ಜ್ಯಾಕ್ ಮೊದಲು ಬಂದ ಆ ಕಥೆ ನಡೆಯುವುದು 1941ರ ಲಂಡನ್ನಿನಲ್ಲಿ, ಬಾಂಬ್ ದಾಳಿಯ ನಡುವೆ. ನ್ಯಾನ್ಸಿ ಎಂಬ ಬೀದಿಯ ಹುಡುಗಿ ಊಟ ಕದಿಯಲು ಹೋಗಿ ಮನೆ ಯಜಮಾನನ ಕೈಗೆ ಸಿಕ್ಕಿಬೀಳುತ್ತಾಳೆ. ರೇಷನ್ ಕಾಲದಲ್ಲಿ ನಿಮ್ಮ ಮನೆಯಲ್ಲಿ ಇಷ್ಟೊಂದು ಮಾಂಸ ಹೇಗೆ ಬಂತು, ನಿಮ್ಮ ಹೆಂಡತಿಗೂ ಕಸಾಯಿಯವನಿಗೂ ಏನೋ ಇದೆ ಅಂತ ಬೀದಿಯ ಜನ ಆಡಿಕೊಳ್ಳುತ್ತಾರೆ, ಆದರೆ ಇರುವುದು ನಿಮಗೂ ಅವನಿಗೂ ತಾನೇ, ಎಂದು ಕೇಳುತ್ತಾಳೆ. ಅವನ ಮುಖ ಬಿಳಿಚಿಕೊಳ್ಳುತ್ತದೆ. ತಂತಿ ಕತ್ತರಿಸುವ ಇಕ್ಕಳ, ಟಾರ್ಚು, ಊಟ, ಅವಳು ಕೇಳಿದ್ದೆಲ್ಲ ಕೊಡುತ್ತಾನೆ. ನಾನು ನಕ್ಕಿದ್ದೆ. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಗಂಡಸರ ಸಂಬಂಧವನ್ನು ಯಾವ ರೂಪದಲ್ಲಿದ್ದರೂ ಶಿಕ್ಷಿಸುವ 1885ರ ಕಾನೂನಿಗೆ ಇಲ್ಲಿಯ ಜನ 'ಬ್ಲ್ಯಾಕ್‌ಮೇಲ್ ಮಾಡುವವರ ಸನ್ನದು' ಎಂದು ಅಡ್ಡಹೆಸರಿಟ್ಟಿದ್ದರಂತೆ. ಅದನ್ನು ಓದಿದ ಮೇಲೆ ಆ ದೃಶ್ಯ ನೋಡಿ ನಗಲು ನನ್ನಿಂದ ಆಗಿಲ್ಲ. ಅದೇ ಕಥೆಯಲ್ಲಿ ಜ್ಯಾಕ್‌ಗೆ ಇರುವ ಸ್ವಾತಂತ್ರ್ಯ ಆ ಯಜಮಾನನಿಗಿಲ್ಲ. ಒಬ್ಬನ ಬಳಿ ಆಕಾಶನೌಕೆಯಿದೆ, ಇನ್ನೊಬ್ಬನಿಗೆ ಅದೇ ಬೀದಿಯಲ್ಲಿ ನಾಳೆಯೂ ಬದುಕಬೇಕು.

ಈ ವ್ಯತ್ಯಾಸವನ್ನು ನೇರವಾಗಿ ಎದುರಿಸಿದ ಕಂತು 2007ರ ಹೊಸವರ್ಷದ ದಿನ ಬಂತು. ಜ್ಯಾಕ್‌ನನ್ನೇ ನಾಯಕನನ್ನಾಗಿ ಮಾಡಿ ದೊಡ್ಡವರಿಗೆಂದು ತೆಗೆದ 'ಟಾರ್ಚ್‌ವುಡ್' ಸರಣಿಯಲ್ಲಿ, ಕ್ಯಾಥರಿನ್ ಟ್ರೆಗೆನ್ನಾ ಬರೆದದ್ದು. ಜ್ಯಾಕ್ ಕಾರ್ಡಿಫ್‌ನ ಪಾಳುಬಿದ್ದ ಡಾನ್ಸ್ ಹಾಲಿನಿಂದ 1941ರ ಜನವರಿಗೆ ಜಾರಿಬೀಳುತ್ತಾನೆ. ಅದು ಕಾರ್ಡಿಫ್‌ನ ಮೇಲೆ ಜರ್ಮನ್ ವಿಮಾನಗಳು ಸುರಿದ ಬಾಂಬಿಗೆ 165 ಜನ ಸತ್ತ ತಿಂಗಳು. ಸತ್ತವರಲ್ಲಿ ಹಲವರು ನಾನು ಈಗ ವಾರದ ಸಂತೆಗೆ ಹೋಗುವ ರಿವರ್‌ಸೈಡ್‌ನವರು. ಹಾಲಿನಲ್ಲಿ ಅವನಿಗೆ ನಿಜವಾದ ಕ್ಯಾಪ್ಟನ್ ಜ್ಯಾಕ್ ಹಾರ್ಕ್‌ನೆಸ್ ಸಿಗುತ್ತಾನೆ. ನಮ್ಮ ಜ್ಯಾಕ್ ಕದ್ದುಕೊಂಡದ್ದು ಈ ಸತ್ತ ಪೈಲಟ್‌ನ ಹೆಸರನ್ನು. ಮರುದಿನ ಅವನು ವಿಮಾನದಲ್ಲಿ ಸಾಯುತ್ತಾನೆ ಎಂಬುದು ಇವನಿಗೆ ಗೊತ್ತು, ಹೇಳುವಂತಿಲ್ಲ. ಕೊನೆಗೆ ಆ ಪೈಲಟ್ ತನ್ನ ಸೈನಿಕರೆಲ್ಲ ನೋಡುತ್ತಿರುವಾಗ ಇವನ ಕೈಹಿಡಿದು ಕುಣಿಯಲು ಕರೆಯುತ್ತಾನೆ. ಧೈರ್ಯ ತೋರುವವನು ಭವಿಷ್ಯದಿಂದ ಬಂದವನಲ್ಲ, ಆ ಕಾಲದವನೇ. ಈ ವಿಷಯದಲ್ಲಿ ನಾನು ನೋಡಿದ್ದರಲ್ಲೆಲ್ಲ ಅತ್ಯುತ್ತಮವಾದ ಮುಕ್ಕಾಲು ಗಂಟೆ ಇದು. ಒಂದು ತಕರಾರೂ ಇದೆ. ಇತಿಹಾಸವನ್ನು ತಿದ್ದಬಾರದು ಎಂಬ ಕಾಲಯಾನದ ನಿಯಮ ಇಂಥ ಪ್ರೇಮಿಗಳ ಪಾಲಿಗೆ ಮಾತ್ರ ಬಲು ಬಿಗಿ. ಒಬ್ಬ ಸಾಯಲೇಬೇಕು.

2009ರ ಬೇಸಿಗೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದ ನನ್ನ ತಮ್ಮ ರಜೆಗೆ ನಮ್ಮ ಮನೆಗೆ ಬಂದಿದ್ದ. ಜುಲೈ 6ರಿಂದ ಐದು ರಾತ್ರಿ 'ಟಾರ್ಚ್‌ವುಡ್' ದಿನವೂ ಬಂತು. ಮೊದಲ ದಿನ, ಜ್ಯಾಕ್‌ನ ಗೆಳೆಯ ಯಾಂಟೋ ತನ್ನ ಅಕ್ಕನ ಮನೆಗೆ ಹೋಗುತ್ತಾನೆ. ನಿನ್ನನ್ನು ಯಾರೋ ಗಂಡಸಿನ ಜೊತೆ ನೋಡಿದರಂತೆ ಎಂದು ಅವಳು ಕೆದಕುತ್ತಾಳೆ. ಅವನು ತಡವರಿಸಿ, ಗಂಡಸರು ಅಂತಲ್ಲ, ಅವನೊಬ್ಬನೇ ಎನ್ನುತ್ತಾನೆ. ತಮ್ಮ ಟಿವಿ ಬಿಟ್ಟು ನನ್ನ ಮುಖ ನೋಡಿದ. ಕುಕ್ಕರ್ ಕೂಗಿತೆಂದು ನಾನು ಎದ್ದು ಹೋದೆ.

ಅದಕ್ಕೆ ನಾಲ್ಕು ದಿನ ಮುಂಚೆ, ಜುಲೈ 2ರಂದು, ದೆಹಲಿ ಹೈಕೋರ್ಟು 377ನೇ ಸೆಕ್ಷನ್ ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸದೆಂದು ತೀರ್ಪು ಕೊಟ್ಟಿತ್ತು. ಆ ಸುದ್ದಿಯನ್ನೂ ತಮ್ಮ ನನಗೆ ಓದಿ ಹೇಳಿದ್ದ. ಒಳ್ಳೆಯದಾಯ್ತು ಬಿಡು ಅಂದಿದ್ದೆ, ಊರಿನಲ್ಲಿ ಮಳೆ ಬಂತಂತೆ ಅನ್ನುವ ಹಾಗೆ. ಜುಲೈ 9ರ ಕಂತಿನಲ್ಲಿ ಯಾಂಟೋ ಸತ್ತ. "ಇವನು ಸಾಯಬಾರದಿತ್ತು ಕಣೇ ಅಕ್ಕ" ಎಂದ ತಮ್ಮ ಮಹಡಿ ಹತ್ತಿ ಹೋದ. ಮೆರ್ಮೇಡ್ ಕೀ ಕಟ್ಟೆಯ ಬಳಿ ಅಭಿಮಾನಿಗಳು ಹೂವು, ಚೀಟಿ, ಟೈಗಳನ್ನು ಸಿಕ್ಕಿಸಲು ಶುರುಮಾಡಿದರು. ಇಲ್ಲದ ಮನುಷ್ಯನಿಗೆ ಕಟ್ಟಿದ ಆ ಸಮಾಧಿ ಇವತ್ತಿಗೂ ಇದೆ. ಊರಿನಿಂದ ಬಂದವರಿಗೆ ತೋರಿಸಿದರೆ ನಗುತ್ತಾರೆ.

ತಮ್ಮ ಬಾಯಿಬಿಟ್ಟು ಹೇಳಿದ್ದು 2013ರ ಡಿಸೆಂಬರಿನಲ್ಲಿ. ಆ ಒಂದು ತಿಂಗಳೇ ಕಾಲಯಾನದ ಕಂತಿನಂತಿತ್ತು. ನವೆಂಬರ್ 21ರಂದು 'ಡಾಕ್ಟರ್ ಹೂ' ಹುಟ್ಟಿದ ಕಥೆಯನ್ನೇ ನಾಟಕ ಮಾಡಿ ತೋರಿಸಿದರು. ಸಾಶಾ ಧವನ್ ತರುಣ ವಾರಿಸ್ ಹುಸೇನ್ ಆಗಿದ್ದರು. ಡಿಸೆಂಬರ್ 11ರಂದು ದೆಹಲಿಯಲ್ಲಿ ಸುಪ್ರೀಂ ಕೋರ್ಟು ಹಿಂದಿನ ತೀರ್ಪನ್ನು ತಳ್ಳಿಹಾಕಿ 377ಕ್ಕೆ ಮತ್ತೆ ಜೀವ ಕೊಟ್ಟಿತು. 24ರಂದು, 1952ರಲ್ಲಿ ಶಿಕ್ಷೆಗೊಳಗಾಗಿ 1954ರಲ್ಲಿ ತೀರಿಕೊಂಡಿದ್ದ ಗಣಿತಜ್ಞ ಅಲನ್ ಟ್ಯೂರಿಂಗ್‌ಗೆ ಬ್ರಿಟನ್ನಿನ ರಾಣಿ ಕ್ಷಮಾದಾನ ಕೊಟ್ಟರು. 377 ಬ್ರಿಟಿಷರೇ 1860ರಲ್ಲಿ ನಮಗೆ ಬರೆದುಕೊಟ್ಟ ದಂಡಸಂಹಿತೆಯ ಭಾಗ. ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ತಮ್ಮ, ಅದೇ ವರ್ಷ ಬಂದ ವಸುಧೇಂದ್ರರ 'ಮೋಹನಸ್ವಾಮಿ'ಯನ್ನು ಅಂಚೆಯಲ್ಲಿ ಕಳಿಸಿ, ಓದಿ ಫೋನ್ ಮಾಡು ಎಂದ. ಮಾಡಿದೆ. "ಹೀಥ್ರೋದಲ್ಲಿ ವಿಮಾನ ಹತ್ತಿದರೆ ಹತ್ತು ಗಂಟೆಯಲ್ಲಿ ನೂರೈವತ್ತು ವರ್ಷ ಹಿಂದೆ ಬಂದು ಇಳೀತೀನಿ, ಅಷ್ಟೇ ಅಕ್ಕ" ಅಂದ. ಕುಕ್ಕರ್ ವಿಷಯ ಇಬ್ಬರೂ ಎತ್ತಲಿಲ್ಲ.

ನಡುವಿನ ವರ್ಷಗಳಲ್ಲಿ ಕಥೆಗಳು ಬದಲಾದವು. 2016ರ 'ಸ್ಯಾನ್ ಜೂನಿಪೆರೊ' ಇಬ್ಬರು ಮುದುಕಿಯರನ್ನು ಕಂಪ್ಯೂಟರಿನೊಳಗಿನ 1987ಕ್ಕೆ ಕಳಿಸಿ, ಅಲ್ಲಿ ಅವರನ್ನು ಒಟ್ಟಿಗೆ ಇರಲು ಬಿಟ್ಟಿತು. ಯಾರನ್ನೂ ಅಗಲಿಸಲಿಲ್ಲ, ಸತ್ತ ಮೇಲೆ ಮಾತ್ರ ಎಂಬ ಷರತ್ತು ಹಾಕಿತು. 2022ರಲ್ಲಿ ಡಾಕ್ಟರ್ ಹೆಣ್ಣಾಗಿದ್ದಾಗ ಶೆಫೀಲ್ಡಿನ ಯಾಸ್ಮಿನ್ ಖಾನ್ ಅವಳನ್ನು ಪ್ರೀತಿಸಿದಳು. ನಮ್ಮ ಕಡೆಯ ಮುಖವೊಂದು ಆ ಜಾಗದಲ್ಲಿ ಕಂಡದ್ದು ದೊಡ್ಡ ಸಂಗತಿ. ಆದರೆ ಬರೆದವರು ಅವಳಿಗೆ ಒಂದು ಮುತ್ತನ್ನೂ ಕೊಡದೆ ಐಸ್‌ಕ್ರೀಮ್ ಕೊಡಿಸಿ ಮನೆಗೆ ಕಳಿಸಿದರು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ರ ಆ ಭಾಗವನ್ನು ಕೊನೆಗೂ ತೆಗೆದುಹಾಕಿತು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕನ್ನು ಮಾತ್ರ ಕೊಡಲಿಲ್ಲ.

2024ರ ಜೂನ್‌ನಲ್ಲಿ ತಮ್ಮ ತನ್ನ ಸಂಗಾತಿಯೊಡನೆ ಕಾರ್ಡಿಫ್‌ಗೆ ಬಂದಿದ್ದ. ಫೋನಿನಲ್ಲಿ ಅಮ್ಮ "ರೂಮ್‌ಮೇಟ್ ಹೇಗಿದ್ದಾನೆ? ಉಪ್ಪಿಟ್ಟು ತಿಂತಾನಾ?" ಎಂದು ಕೇಳಿದರು. 8ರ ಶನಿವಾರ ನಾವು ಮೂವರೂ ಕೂತು ಹೊಸ ಕಂತು ನೋಡಿದೆವು. 1813ರ ಬಾತ್ ನಗರದ ಬಾಲ್‌ರೂಮಿನಲ್ಲಿ ಡಾಕ್ಟರ್ ಇನ್ನೊಬ್ಬ ಗಂಡಸಿನೊಂದಿಗೆ ಎಲ್ಲರೆದುರು ಕುಣಿಯುತ್ತಾನೆ. ಆಮೇಲೆ ಇಬ್ಬರಿಗೂ ಮುತ್ತು. ಸುತ್ತ ನಿಂತವರು ಬಾಯಿಗೆ ಬೀಸಣಿಗೆ ಹಿಡಿದದ್ದು ಬಿಟ್ಟರೆ ಏನೂ ಆಗುವುದಿಲ್ಲ. ನಾನು ಮೂಗು ಮುರಿದೆ. 1813ರಲ್ಲಿ ಇದಕ್ಕೆ ಗಲ್ಲುಶಿಕ್ಷೆಯಿತ್ತು, ಈ ದೇಶ ಕೊನೆಯದಾಗಿ ಇಬ್ಬರನ್ನು ಇದಕ್ಕೆಂದು ನೇಣಿಗೆ ಹಾಕಿದ್ದು 1835ರಲ್ಲಿ, ಅದರ ಸುಳಿವೇ ಇಲ್ಲವಲ್ಲ, 1941ರ ಆ ಡಾನ್ಸ್ ಹಾಲ್ ಎಲ್ಲಿ, ಇದೆಲ್ಲಿ ಎಂದೆ.

"ಒಂದು ಸಲವಾದರೂ ಹೆದರಿಕೆಯಿಲ್ಲದೆ ಕುಣೀಲಿ ಬಿಡೇ ಅಕ್ಕ" ಅಂದ ತಮ್ಮ. ಅವನ ಸಂಗಾತಿ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟ.